ಮುಂಬಯಿಯ ಗಣಕಯಂತ್ರಕ್ಕೆ ಅರ್ಧ ಕಾರ್ಡಿನವನ ಅಹವಾಲು

ಕಾಪು,
೨೨ ಮೇ ೧೯೮೯

ಸನ್ಮಾನ್ಯ ಗಣಕಯಂತ್ರ ಮಹೋದಯರ ಸನ್ನಿಧಾನಕ್ಕೆ,
ಕ್ರೆಡಿಟ್ ಕಾರ್ಡು ವಿಭಾಗ, ಪ್ರಧಾನ ಕಚೇರಿ, ಮುಂಬಯಿ.

ಮಾನ್ಯರೇ,

ಕಾಪುವಿನ ದೀಪಸ್ತಂಭದಿಂದ ಕೂಗಳತೆಯಲ್ಲಿ ವಾಸವಾಗಿರುವ ನಿವೃತ್ತ ಉಪಾಧ್ಯಾಯನೊಬ್ಬನು ತಮಗೆ ಸಲ್ಲಿಸುವ ಸಾಷ್ಟಾಂಗ ನಮಸ್ಕಾರಗಳನ್ನು ದಯವಿಟ್ಟು ಸ್ವೀಕರಿಸಬೇಕು. ತಮಗೆ ಪಾದಗಳಿವೆಯೋ ಇಲ್ಲವೋ ಎಂಬುದನ್ನು ಇಲ್ಲಿ ಯಾರೂ ಖಚಿತವಾಗಿ ಹೇಳಲಾರದ ಕಾರಣ, ಸೂಕ್ತವೆಂದು ತೋರಿದ ಯಾವುದಾದರೂ ಭಾಗಕ್ಕೆ ಅವುಗಳನ್ನು ಜಮಾ ಮಾಡಿಕೊಳ್ಳಬಹುದು. ತಾವು ಸದಾ ತಂಪಾದ ಕೋಣೆಯಲ್ಲಿ, ಧೂಳು ಸೋಕದಂತೆ, ಪಾದರಕ್ಷೆ ಕಳಚಿ ಬಂದವರಿಗೆ ಮಾತ್ರ ದರ್ಶನ ಕೊಡುತ್ತ ಇರುವಿರೆಂದು ಕೇಳಿ ಭಕ್ತಿ ಇಮ್ಮಡಿಸಿತು. ಸೆಕೆಯಲ್ಲಿ ಬೆವರುತ್ತ ಈ ಪತ್ರ ಬರೆಯುತ್ತಿರುವ ನನ್ನ ಅಕ್ಷರ ಎಲ್ಲಿಯಾದರೂ ಹರಡಿದ್ದರೆ ಕ್ಷಮೆಯಿರಲಿ.

ಇದಕ್ಕೆ ಮೊದಲು ನಾನು ತಮ್ಮ ಕಚೇರಿಗೆ ಹನ್ನೊಂದು ಪತ್ರಗಳನ್ನು ಬರೆದಿದ್ದು, ಹನ್ನೊಂದಕ್ಕೂ ಉತ್ತರವಾಗಿ ಬಿಲ್ಲುಗಳೇ ಬಂದಿರುವುದರಿಂದ, ಹನ್ನೆರಡನೆಯದನ್ನು ಪತ್ರಿಕೆಯ ಸಂಪಾದಕರ ಔದಾರ್ಯವನ್ನು ನಂಬಿ ಬಹಿರಂಗವಾಗಿ ಬರೆಯುತ್ತಿದ್ದೇನೆ. ಬ್ಯಾಂಕಿನ ಹೆಸರನ್ನು ಎಲ್ಲಿಯೂ ಕಾಣಿಸಿಲ್ಲ. ಹೆಸರನ್ನು ಬಳಸಿಕೊಂಡದ್ದಕ್ಕೆ ಇನ್ನೊಂದು ಶುಲ್ಕ ಬಂದೀತೆಂಬ ಭಯ. ಮನುಷ್ಯರನ್ನು ಬಿಟ್ಟು ನೇರವಾಗಿ ತಮಗೇ ಏಕೆ ಬರೆಯುತ್ತಿದ್ದೇನೆಂದರೆ, ತಮ್ಮ ಕಾಪು ಶಾಖೆಯ ವ್ಯವಸ್ಥಾಪಕನೂ ನನ್ನ ಹಳೆಯ ವಿದ್ಯಾರ್ಥಿಯೂ ಆದ ತಾರಾನಾಥನು, "ಮಾಸ್ಟ್ರೇ, ನಾವು ಎಂತ ಮಾಡುದು? ಎಲ್ಲ ಬೊಂಬಾಯಿಯ ಕಂಪ್ಯೂಟರ್. ಅದು ಒಮ್ಮೆ ಹೇಳಿದ್ರೆ ಮುಗೀತು ಮಾರಾಯ್ರೆ" ಎಂದು, ಕೈಮುಗಿಯುವುದೊಂದು ಬಾಕಿ ಎಂಬ ಹಾಗೆ, ತಮ್ಮ ದಿಕ್ಕಿಗೆ ತಿರುಗಿ ಹೇಳಿದ್ದಾನೆ.

ಮೊದಲು ನನ್ನ ಪರಿಚಯ. ಹೆಸರು ರಘುಪತಿ ಉಪಾಧ್ಯ. ಹಿರಿಯಡ್ಕದಲ್ಲಿ ನಾಲ್ಕು, ಕಾರ್ಕಳದಲ್ಲಿ ಹನ್ನೊಂದು, ಕಾಪುವಿನಲ್ಲಿ ಹದಿನೆಂಟು, ಒಟ್ಟು ಮೂವತ್ತಮೂರು ವರ್ಷ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಲೆಕ್ಕವನ್ನೂ ಕನ್ನಡವನ್ನೂ ಕಲಿಸಿ, ಮುಖ್ಯೋಪಾಧ್ಯಾಯನಾಗಿ ೧೯೮೬ರಲ್ಲಿ ನಿವೃತ್ತನಾದೆ. ಮದುವೆಯ ಕರೆಯೋಲೆ ಕೈಗೆ ಬಂದರೆ ಮುಹೂರ್ತ ನೋಡುವ ಮೊದಲು ಅದರಲ್ಲಿನ ತಪ್ಪುಗಳನ್ನು ತಿದ್ದುವ ಅಭ್ಯಾಸ ನನಗಿದೆಯೆಂದೂ, ಆ ಕಾರಣದಿಂದ ಕರೆಯೋಲೆಗಳು ಬರುವುದು ಕಡಿಮೆಯಾಗಿದೆಯೆಂದೂ ನನ್ನ ಹೆಂಡತಿ ಸುಭಾಷಿಣಿ ಹೇಳುತ್ತಾಳೆ. ಎರಡನ್ನೂ ನಾನು ಅಲ್ಲಗಳೆಯುವುದಿಲ್ಲ.

ನನಗೆ ಆಸ್ತಿ ಎಂಬುದೇನಾದರೂ ಇದ್ದಿದ್ದರೆ ಅದು ನನ್ನ ಸಹಿ. ಈ ಊರಿನಲ್ಲಿ ಯಾರಿಗೆ ಬ್ಯಾಂಕಿನ ಸಾಲ ಬೇಕಾದರೂ ಜಾಮೀನಿಗೆ ಮೊದಲು ನೆನಪಾಗುತ್ತಿದ್ದವನು ನಾನೇ. ಇದುವರೆಗೆ ಇಪ್ಪತ್ತಾರು ಮಂದಿಗೆ ಜಾಮೀನು ನಿಂತಿದ್ದೇನೆ. ಒಬ್ಬರೂ ಒಂದು ಕಂತನ್ನೂ ತಪ್ಪಿಸಿಲ್ಲ. ಅವರೆಲ್ಲರೂ ಸತ್ಯಸಂಧರೆಂಬುದು ಇದಕ್ಕೆ ಒಂದು ಕಾರಣವಾದರೆ, ಕಂತಿನ ದಿನ ಸಂಜೆ ನನ್ನ ವಾಯುವಿಹಾರವು ತಪ್ಪದೆ ಅವರ ಮನೆಯ ಮುಂದಿನಿಂದಲೇ ಹಾದುಹೋಗುತ್ತಿದ್ದುದು ಇನ್ನೊಂದು ಕಾರಣ. ಇಂಥ ಸಹಿಯ ಮಾಲೀಕನಿಗೆ ತುಸು ಅಹಂಕಾರವಿದ್ದರೆ ಅದನ್ನು ತಾವು ಅರ್ಥಮಾಡಿಕೊಳ್ಳುವಿರೆಂದು ನಂಬುತ್ತೇನೆ. ತಮ್ಮ ಬಿಲ್ಲುಗಳ ಧಾಟಿಯನ್ನು ನೋಡಿದರೆ ಅದು ತಮಗೂ ತಕ್ಕಮಟ್ಟಿಗೆ ಇದ್ದಂತಿದೆ.

ಆ ಅಹಂಕಾರದ ಬಾಗಿಲಿನಿಂದಲೇ ತಮ್ಮ ಕಾರ್ಡು ನನ್ನ ಮನೆಯನ್ನು ಪ್ರವೇಶಿಸಿತು. ೧೯೮೭ರ ಏಪ್ರಿಲಿನಲ್ಲಿ ತಾರಾನಾಥನು ಮನೆಗೆ ಬಂದು, ಚಹಾ ಕುಡಿದು, "ಇದು ಎಲ್ಲರಿಗೆ ಕೊಡುವಂಥದ್ದಲ್ಲ ಮಾಸ್ಟ್ರೇ, ಗಣ್ಯರಿಗೆ ಮಾತ್ರ" ಎಂದ. ಅವನಿಗೆ ಆ ತಿಂಗಳು ಹತ್ತು ಕಾರ್ಡುಗಳನ್ನು ಹಂಚಲೇಬೇಕೆಂಬ ಆಜ್ಞೆ ಇತ್ತೆಂದೂ, ಒಂಬತ್ತು ಮಂದಿ ಗಣ್ಯರು ಆಗಲೇ ಬೇಡವೆಂದಿದ್ದರೆಂದೂ ನನಗೆ ತಿಳಿದದ್ದು ಆಮೇಲೆ. ಗಟ್ಟಿಯಾದ ಪ್ಲಾಸ್ಟಿಕ್ಕಿನ ಮೇಲೆ ಬೆರಳಿಗೆ ತಗಲುವಂತೆ ಉಬ್ಬಿದ ಅಕ್ಷರಗಳಲ್ಲಿ ನನ್ನ ಹೆಸರಿತ್ತು. ಮೂವತ್ತಮೂರು ವರ್ಷ ನನ್ನ ಹೆಸರನ್ನು ಸೀಮೆಸುಣ್ಣದಲ್ಲಿ ಬರೆದು ಸಂಜೆ ಒರಸಿದ್ದನ್ನು ಮಾತ್ರ ಕಂಡಿದ್ದ ನಾನು ಅದನ್ನು ನೋಡಿ ಮರುಳಾದೆ. ಅಂಗಿಯ ಕಿಸೆಯಿಂದ ಅರ್ಧ ಅಂಗುಲ ಮೇಲೆ ಕಾಣುವಂತೆ ಅದನ್ನು ಇಟ್ಟುಕೊಂಡು ಹತ್ತು ತಿಂಗಳು ತಿರುಗಿದ್ದೇನೆ. ಪೇಟೆಯಲ್ಲಿ ಒಬ್ಬರು ಅದನ್ನು ಬಸ್ಸಿನ ಪಾಸೆಂದು ತಿಳಿದು, ನಿವೃತ್ತರಿಗೆ ಪುಕ್ಕಟೆಯೋ ಎಂದು ವಿಚಾರಿಸಿದರು.

ಅದನ್ನು ಉಪಯೋಗಿಸಿದ್ದು ಒಂದೇ ಒಂದು ಸಲ. ೧೯೮೮ರ ಜನವರಿಯಲ್ಲಿ ಉಡುಪಿಯ ಜವಳಿ ಅಂಗಡಿಯೊಂದರಲ್ಲಿ ಸುಭಾಷಿಣಿಗೆ ಇನ್ನೂರ ಅರವತ್ತೈದು ರೂಪಾಯಿಯ ಸೀರೆಯನ್ನು ಕೊಂಡು, ಹಣದ ಗಲ್ಲೆಯಲ್ಲಿ ಕುಳಿತಿದ್ದ ಭೋಜನೆಂಬ ಹುಡುಗನಿಗೆ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ಕೊಟ್ಟೆ. ಭೋಜನು ಕಪಾಟಿನ ತಳದಿಂದ ಒಂದು ಕಬ್ಬಿಣದ ಯಂತ್ರವನ್ನು ಹೊರತೆಗೆದು, ಧೂಳು ಹೊಡೆದು, ಕಾರ್ಡಿನ ಉಬ್ಬಕ್ಷರದ ಮೇಲೆ ಕಾಗದವನ್ನೂ ಕಾರ್ಬನ್ನನ್ನೂ ಇಟ್ಟು, ಹಿಡಿಯನ್ನು ಅತ್ತಿಂದಿತ್ತ ಎಳೆದ. ಮೊದಲ ಸಲ ಅರ್ಧ ಹೆಸರು ಮೂಡಿತು. ಎರಡನೆಯ ಸಲ ಕಾಗದ ಹರಿಯಿತು. ಮೂರನೆಯ ಸಲಕ್ಕೆ ಅಂಗಡಿಯಲ್ಲಿದ್ದವರೆಲ್ಲ ಸುತ್ತ ನೆರೆದಿದ್ದರು. ನನಗೆ ಸನ್ಮಾನವಾದಂತೆಯೇ ಅನ್ನಿಸಿತು. ಸುಭಾಷಿಣಿ ಮಾತ್ರ ಸೀರೆಯ ಪೊಟ್ಟಣವನ್ನು ಎದೆಗೊತ್ತಿಕೊಂಡು ನಿಂತು, "ಚೀಲದಲ್ಲಿ ದುಡ್ಡು ಉಂಟಲ್ಲ, ಮತ್ತೆ ಯಾಕೆ ಆ ಹುಡುಗನಿಗೆ ಇಷ್ಟು ಕಷ್ಟ ಕೊಡುದು?" ಎಂದಳು. ನಮ್ಮ ಮನೆಮಾತು ತುಳು. ತಮಗೆ ತಿಳಿಯಲೆಂದು ಕನ್ನಡದಲ್ಲಿ ಹೇಳಿದ್ದೇನೆ. ತುಳುವಿನಲ್ಲಿ ಅದು ಇನ್ನೂ ನೇರವಾಗಿತ್ತು.

ಬಿಲ್ಲು ಬಂದ ದಿನವೇ ಹಣ ಕಟ್ಟಿದೆ. ಹೆಂಡತಿಯ ಪ್ರಶ್ನೆಗೆ ಉತ್ತರ ಹೊಳೆಯದೆ ಹೋದುದರಿಂದ ಕಾರ್ಡನ್ನು ಮುಚ್ಚಿಬಿಡುವುದೆಂದೂ ನಿಶ್ಚಯಿಸಿದೆ. ತಾರಾನಾಥನು, "ಒಂದು ಕಾಗದ ಬರೆದು, ಕಾರ್ಡನ್ನು ಎರಡು ತುಂಡು ಮಾಡಿ, ಮಣಿಪಾಲದ ಕಾರ್ಡು ವಿಭಾಗಕ್ಕೆ ಕಳಿಸಿ, ಆಯ್ತು" ಎಂದ. ಇಷ್ಟು ಸರಳವಾದ ಸೂಚನೆಯಲ್ಲಿ ಎಡವಲು ಸಾಮಾನ್ಯರಿಗೆ ಸಾಧ್ಯವಿಲ್ಲ. ಅದಕ್ಕೆ ನನ್ನಷ್ಟು ಶಿಸ್ತು ಬೇಕು.

ಇಲ್ಲಿ ಒಂದು ಹಳೆಯ ಪದ್ಧತಿಯನ್ನು ತಮಗೆ ನಿವೇದಿಸಬೇಕಾಗಿದೆ. ನನ್ನ ತಂದೆ ಕಾರ್ಕಳದ ಬಟ್ಟೆ ವ್ಯಾಪಾರಿಯೊಬ್ಬರಲ್ಲಿ ಗುಮಾಸ್ತರಾಗಿದ್ದರು. ಆ ಕಾಲದಲ್ಲಿ ದೂರದ ಊರಿಗೆ ನೂರು ರೂಪಾಯಿಯ ನೋಟನ್ನು ಅಂಚೆಯಲ್ಲಿ ಕಳಿಸುವಾಗ, ದಾರಿಯಲ್ಲಿ ಕಳವಾಗದಂತೆ ಅದನ್ನು ನಡುವೆ ಕತ್ತರಿಸಿ, ಮೊದಲು ಒಂದು ಅರ್ಧವನ್ನು ಮಾತ್ರ ಕಳಿಸುವುದು. ಅದು ತಲುಪಿತೆಂದು ಆ ಕಡೆಯಿಂದ ಬರೆದ ರಸೀದಿ ಬಂದ ಮೇಲೆ ಇನ್ನೊಂದು ಅರ್ಧವನ್ನು ಕಳಿಸುವುದು. ಅಲ್ಲಿ ಎರಡನ್ನೂ ಅಂಟಿಸಿಕೊಳ್ಳುವುದು. ರಸೀದಿ ಕೈಗೆ ಬಾರದೆ ಉಳಿದರ್ಧವನ್ನು ದೇವರಿಗೂ ಕೊಡಬಾರದೆಂದು ತಂದೆ ನನಗೆ ಹೇಳಿಕೊಟ್ಟಿದ್ದರು. ತಾರಾನಾಥನು "ಎರಡು ತುಂಡು ಮಾಡಿ" ಎಂದೊಡನೆ ನನಗೆ ತಂದೆಯ ನೆನಪು ಬಂದು, ಬ್ಯಾಂಕಿನವರೂ ಆ ಪದ್ಧತಿಯನ್ನೇ ಇಟ್ಟುಕೊಂಡಿದ್ದಾರಲ್ಲ ಎಂದು ಕಣ್ಣು ಒದ್ದೆಯಾಯಿತು.

ಸುಭಾಷಿಣಿಯ ಕತ್ತರಿಯಿಂದ, ಅಳತೆಪಟ್ಟಿ ಇಟ್ಟು, ಕಾರ್ಡನ್ನು ಸರಿಯಾಗಿ ನಡುವೆ ಕತ್ತರಿಸಿದೆ. ಗೆರೆಯು ನನ್ನ ಹೆಸರಿನ ಮಧ್ಯದಲ್ಲಿಯೇ ಹಾದುದರಿಂದ ರಘು ರಿಜಿಸ್ಟರ್ಡ್ ಅಂಚೆಯಲ್ಲಿ ಮಣಿಪಾಲಕ್ಕೆ ಹೋದನು. ಪತಿ ಮನೆಯಲ್ಲಿ ಉಳಿದನು. ಎಂಟು ದಿನಗಳಲ್ಲಿ ಅಂಚೆಯ ಸ್ವೀಕೃತಿ ಕಾರ್ಡು ಬಂತು. ಆದರೆ ಅದು ಲಕೋಟೆ ತಲುಪಿದ್ದಕ್ಕೆ ಸಾಕ್ಷಿಯೇ ಹೊರತು ಒಳಗಿದ್ದ ಅರ್ಧ ಕಾರ್ಡು ತಲುಪಿದ್ದಕ್ಕಲ್ಲ ಎಂಬ ಸೂಕ್ಷ್ಮವನ್ನು ಮೂವತ್ತಮೂರು ವರ್ಷದ ಅನುಭವಿಯಾದ ನಾನು ಗುರುತಿಸದೆ ಇರುತ್ತೇನೆಯೇ? ರಸೀದಿಗಾಗಿ ಕಾದೆ. ಮಣಿಪಾಲದವರು ಉಳಿದರ್ಧಕ್ಕಾಗಿ ಕಾದರು. ಹದಿನೈದು ಮೈಲಿಯೂ ಇಲ್ಲದ ಅಂತರದಲ್ಲಿ ಎರಡು ಕಡೆಯವರು ಹದಿನಾಲ್ಕು ತಿಂಗಳು ಪರಸ್ಪರರ ಪ್ರಾಮಾಣಿಕತೆಯನ್ನು ಹೀಗೆ ಪರೀಕ್ಷಿಸುತ್ತ ಕುಳಿತೆವು.

ಆ ಅವಧಿಯಲ್ಲಿ ನನ್ನನ್ನು ಮರೆಯದೆ ಇದ್ದವರು ತಾವೊಬ್ಬರೇ. ೧೯೮೮ರ ಏಪ್ರಿಲಿನಲ್ಲಿ, ಮುಚ್ಚಿದೆನೆಂದು ನಾನು ತಿಳಿದ ಕಾರ್ಡಿಗೆ ನೂರು ರೂಪಾಯಿಯ ವಾರ್ಷಿಕ ಶುಲ್ಕ ವಿಧಿಸಿ ತಾವು ಪತ್ರವ್ಯವಹಾರವನ್ನು ಆರಂಭಿಸಿದಿರಿ. ಆಮೇಲೆ ಪ್ರತಿ ತಿಂಗಳು ಒಂಬತ್ತನೆಯ ತಾರೀಕಿಗೆ ತಪ್ಪದೆ ತಮ್ಮ ಓಲೆ ಬಂದಿದೆ. ನನ್ನ ಪಿಂಚಣಿಗೆ ಈ ನಿಯಮಪಾಲನೆ ಇಲ್ಲ. ಅಂಚೆಯ ಶೀನನು ದೂರದಿಂದಲೇ, "ಮಾಸ್ಟ್ರೇ, ನಿಮ್ಮ ಬೊಂಬಾಯಿಯವರು ಬಂದ್ರು" ಎಂದು ಕೂಗುವುದನ್ನು ಕೇಳಿ, ನನಗೆ ಮುಂಬಯಿಯಲ್ಲಿ ಶ್ರೀಮಂತ ಬಂಧುಗಳಿದ್ದಾರೆಂದು ನೆರೆಯವರು ತಿಳಿದಿದ್ದಾರೆ.

ತಮ್ಮ ಲೆಕ್ಕವನ್ನು ನಾನು ಪರಿಶೀಲಿಸದೆ ಬಿಟ್ಟಿಲ್ಲ. ನೂರು ರೂಪಾಯಿಗೆ ತಿಂಗಳಿಗೆ ಶೇಕಡಾ ಎರಡೂವರೆಯಂತೆ ಚಕ್ರಬಡ್ಡಿ, ಹನ್ನೆರಡು ತಿಂಗಳಿಗೆ ನೂರ ಮೂವತ್ತನಾಲ್ಕು ರೂಪಾಯಿ ನಲವತ್ತೊಂಬತ್ತು ಪೈಸೆ. ಈ ಏಪ್ರಿಲಿನಲ್ಲಿ ಎರಡನೆಯ ವರ್ಷದ ಶುಲ್ಕ ನೂರು. ಒಟ್ಟು ಇನ್ನೂರ ಮೂವತ್ತನಾಲ್ಕು ರೂಪಾಯಿ ನಲವತ್ತೊಂಬತ್ತು ಪೈಸೆ. ಒಂದು ಪೈಸೆಯ ತಪ್ಪನ್ನೂ ಹುಡುಕಲಾಗದೆ, ಬಿಲ್ಲಿನ ಮೂಲೆಯಲ್ಲಿ ಕೆಂಪು ಶಾಯಿಯಿಂದ ಹತ್ತಕ್ಕೆ ಹತ್ತು ಕೊಟ್ಟು ಹಿಂದಿರುಗಿಸಿದ್ದೇನೆ. ಇಲ್ಲದ ಕಾರ್ಡಿಗೆ ಇಷ್ಟು ಅಚ್ಚುಕಟ್ಟಾಗಿ ಬಡ್ಡಿ ಹಾಕಬಲ್ಲ ವಿದ್ಯಾರ್ಥಿಯು ನನ್ನ ಸೇವಾವಧಿಯಲ್ಲಿ ಸಿಕ್ಕಿದ್ದಿಲ್ಲ. "ಆ ನೂರು ರೂಪಾಯಿ ಬಿಸಾಡಿ ಒಮ್ಮೆ ತಣ್ಣಗೆ ಕೂತ್ಕೊಳ್ಳಿ" ಎಂದು ಸುಭಾಷಿಣಿ ಆರಂಭದಲ್ಲಿಯೇ ಹೇಳಿದ್ದಳು. ತಾರಾನಾಥನು ತನ್ನ ಕಿಸೆಯಿಂದ ಕಟ್ಟುತ್ತೇನೆಂದ. ತತ್ತ್ವದ ಪ್ರಶ್ನೆಯೆಂದು ಇಬ್ಬರನ್ನೂ ಗದರಿಸಿದೆ.

ಈ ಮಾರ್ಚಿನಲ್ಲಿ ಉಡುಪಿಗೆ ಹೋದಾಗ ಭೋಜನು ನನ್ನನ್ನು ಕಂಡು ಗಲ್ಲೆಯಿಂದ ಎದ್ದು ನಿಂತ. ಗೌರವವೆಂದು ತಿಳಿದೆ. "ಮಾಸ್ಟ್ರೇ, ಸ್ವಲ್ಪ ಒಳಗೆ ಬನ್ನಿ" ಎಂದು ಸೀರೆಯ ಕಟ್ಟುಗಳ ಹಿಂದಕ್ಕೆ ಕರೆದೊಯ್ದು, ಗೋಡೆಯ ಮೊಳೆಗೆ ನೇತುಹಾಕಿದ್ದ ಕಿರುಹೊತ್ತಗೆಯೊಂದನ್ನು ಬಿಡಿಸಿ ತೋರಿಸಿದ. ಯಾವ ಯಾವ ಕಾರ್ಡುಗಳನ್ನು ಸ್ವೀಕರಿಸಬಾರದೆಂದು ತಾವು ಮೂರು ತಿಂಗಳಿಗೊಮ್ಮೆ ಅಚ್ಚು ಹಾಕಿಸಿ ಅಂಗಡಿಗಳಿಗೂ ತಮ್ಮ ಶಾಖೆಗಳಿಗೂ ಕಳಿಸುವ ಎಚ್ಚರಿಕೆಯ ಪಟ್ಟಿಯಂತೆ. ಹನ್ನೆರಡನೆಯ ಪುಟದಲ್ಲಿ ನಾನಿದ್ದೆ: ಬಾಕಿದಾರ, ಕಾರ್ಡು ಹಿಂದಿರುಗಿಸಿಲ್ಲ. "ನಾನು ಯಾರಿಗೂ ಹೇಳ್ಲಿಲ್ಲ ಮಾಸ್ಟ್ರೇ, ದೇವರಾಣೆ. ಇಲ್ಲಿ ಅದನ್ನು ಓದುವವರು ನಾನೊಬ್ಬನೇ" ಎಂದು ಭೋಜನು ನನಗಿಂತ ಹೆಚ್ಚು ಬೆವರಿದ. ನಾನು ಬರೆದ ಪ್ರಬಂಧಗಳನ್ನು ಪತ್ರಿಕೆಗಳು ಇಪ್ಪತ್ತು ವರ್ಷ ವಿಷಾದಪೂರ್ವಕವಾಗಿ ಹಿಂದಿರುಗಿಸಿವೆ. ನನ್ನ ಹೆಸರನ್ನು ಅಚ್ಚಿನಲ್ಲಿ, ಅಖಿಲ ಭಾರತ ಮಟ್ಟದಲ್ಲಿ ಮೊದಲು ಪ್ರಕಟಿಸಿದ ಕೀರ್ತಿ ತಮ್ಮದು. ಒಂದು ಗೌರವ ಪ್ರತಿಯನ್ನಾದರೂ ಕಳಿಸಬಹುದಿತ್ತು.

ಈ ಸಂಗತಿಯನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಇತರರು ಹೀಗೆ ಮುಚ್ಚಿಟ್ಟಾಗ ಅದಕ್ಕೆ ನಾನು ಇಡುತ್ತಿದ್ದ ಹೆಸರು ಸುಳ್ಳು. ನನ್ನ ವಿಷಯದಲ್ಲಿ ಅದು ಗಾಂಭೀರ್ಯವಾಗಿತ್ತು.

ಏಪ್ರಿಲಿನ ಕೊನೆಯ ವಾರದಲ್ಲಿ ಇಮೆಲ್ಡಾ ಬಂದಳು. ಇವಳೂ ನನ್ನ ವಿದ್ಯಾರ್ಥಿನಿ. ಗಂಡ ತೀರಿಕೊಂಡ ಮೇಲೆ ಮನೆಯ ಜಗಲಿಯಲ್ಲಿ ಒಂದು ಹಳೆಯ ಹೊಲಿಗೆ ಯಂತ್ರ ಇಟ್ಟುಕೊಂಡು ಮೂರು ಮಕ್ಕಳನ್ನು ಓದಿಸುತ್ತಿರುವವಳು. ಒಂದು ಶಾಲೆಯವರು ನೂರ ನಲವತ್ತು ಮಕ್ಕಳ ಸಮವಸ್ತ್ರದ ಹೊಲಿಗೆಯನ್ನು ಅವಳಿಗೆ ಒಪ್ಪಿಸಲು ಸಿದ್ಧರಾಗಿದ್ದರು. ಜೂನ್ ಒಂದರೊಳಗೆ ಕೊಡಬೇಕು. ಅದಕ್ಕೆ ಇನ್ನೂ ಎರಡು ಯಂತ್ರ ಬೇಕು. ಮೇ ಐದರೊಳಗೆ ಯಂತ್ರಗಳು ಜಗಲಿಯಲ್ಲಿ ಕಾಣದಿದ್ದರೆ ಕೆಲಸ ಮಂಗಳೂರಿನ ಗುತ್ತಿಗೆದಾರನಿಗೆ ಹೋಗುತ್ತದೆ. ತಾರಾನಾಥನು ನಾಲ್ಕೂವರೆ ಸಾವಿರದ ಸಾಲಕ್ಕೆ ಒಪ್ಪಿದ್ದ. ಜಾಮೀನು ಒಂದು ಬಾಕಿ. "ಸರ್, ನಿಮ್ಮ ಸಹಿ ಒಂದಿದ್ರೆ ಬ್ಯಾಂಕಿನವರು ಮತ್ತೆ ಎಂತ ಕೇಳುದಿಲ್ಲ ಅಲ್ವಾ?" ಎಂದಳು. ಹನ್ನೆರಡನೆಯ ಪುಟ ನೆನಪಾಯಿತು. ಆದರೂ ಪಟ್ಟಿ ಕಾಪುವಿನವರೆಗೆ ಬಂದಿರಲಾರದೆಂದು ಧೈರ್ಯ ತಂದುಕೊಂಡು, ಎಂದಿಗಿಂತ ತುಸು ದೊಡ್ಡದಾಗಿಯೇ ಸಹಿ ಮಾಡಿಕೊಟ್ಟೆ.

ಮರುದಿನ ತಾರಾನಾಥನು ನನ್ನನ್ನು ಕರೆಸಿ, ಬಾಗಿಲು ಹಾಕಿ, ಮೇಜಿನ ಮೇಲಿದ್ದ ಕಿರುಹೊತ್ತಗೆಯನ್ನು ಎರಡು ಕೈಯಿಂದ ಮುಚ್ಚಿಕೊಂಡು ಕುಳಿತ. ಪಾಠ ಬಾರದ ದಿನ ಅವನು ಪುಸ್ತಕವನ್ನು ಹಾಗೆಯೇ ಮುಚ್ಚಿಕೊಳ್ಳುತ್ತಿದ್ದ. "ಪಟ್ಟಿಯಲ್ಲಿ ಇದ್ದವರ ಜಾಮೀನು ತಕೊಳ್ಳಬಾರ್ದು ಅಂತ ಮಾಸ್ಟ್ರೇ. ನಾನು ನೋಡ್ಲಿಲ್ಲ ಅಂತ ಮಾಡ್ಲಿಕ್ಕೂ ಆಗುದಿಲ್ಲ, ನೋಡಿದ್ದೇನೆ ಅಂತ ರುಜು ಹಾಕ್ಬೇಕು. ನೀವು ಮಣಿಪಾಲಕ್ಕೆ ಹೋಗಿ, ಅಲ್ಲಿ ಲೂಯಿಸ್ ಅಂತ ಒಬ್ಬರಿದ್ದಾರೆ." ಮೇ ಐದಕ್ಕೆ ಅಂದಿಗೆ ಆರು ದಿನ ಉಳಿದಿತ್ತು.

ಉಳಿದರ್ಧವನ್ನು ಲಕೋಟೆಯಲ್ಲಿಟ್ಟು, ಬಸ್ಸು ಹತ್ತಿ ಮಣಿಪಾಲಕ್ಕೆ ಹೋದೆ. ಲೂಯಿಸ್ ಎಂಬ ಆ ಹಿರಿಯ ಗುಮಾಸ್ತರು ನನ್ನನ್ನು ಕಂಡು ಎದ್ದು ನಿಂತು, ಹೆಸರು ಕೇಳದೆಯೇ ಮೇಜಿನ ಸೆಳೆಖಾನೆಯಿಂದ ಒಂದು ಲಕೋಟೆಯನ್ನು ಹೊರತೆಗೆದರು. ಅದರೊಳಗೆ ರಘು ಇದ್ದನು. ಬೆನ್ನಿಗೆ ತಾರೀಕು ಬರೆದ ಚೀಟಿ, ಒಂದು ಗುಂಡುಸೂಜಿ. ಇಷ್ಟು ಜೋಪಾನವಾಗಿ ಇಟ್ಟುಕೊಂಡವರು ಒಂದು ಸಾಲಿನ ರಸೀದಿ ಕಳಿಸಬಾರದಿತ್ತೇ ಎಂದು ಸಿಟ್ಟಿನಿಂದ ಕೇಳಿದೆ.

"ಅರ್ಧಕ್ಕೆ ರಸೀದಿ ಇಲ್ಲ ಸರ್," ಎಂದರು. "ಅರ್ಧ ಉತ್ತರಕ್ಕೆ ಅಂಕ ಇಲ್ಲ ಅಂತ ನೀವೇ ಅಲ್ವಾ ಹೇಳಿದ್ದು? ಕಾರ್ಕಳ, ಅರವತ್ತೆರಡನೇ ಇಸವಿ, ಏಳನೇ ಕ್ಲಾಸು. ಲೆಕ್ಕ ಎಲ್ಲ ಮಾಡಿ ಕೊನೆಯ ಗೆರೆ ಬರೆಯುವಾಗ ಬೆಲ್ ಆಯ್ತು. ನೀವು ಸೊನ್ನೆ ಹಾಕಿದ್ರಿ. ಅಪ್ಪ ನನಗೆ ಎರಡು ದಿನ ಮೀನು ಹಾಕ್ಲಿಲ್ಲ."

ಮಾನ್ಯರೇ, ತಾವು ಈ ನೋವನ್ನು ಅನುಭವಿಸಲಾರಿರಿ, ತಮಗೆ ಶಿಷ್ಯರಿಲ್ಲ. ನನಗೆ ಅವರು ಕುರ್ಚಿ ಕೊಟ್ಟು, ಚಹಾ ತರಿಸಿ, ನಿಯಮವನ್ನು ವಿವರಿಸಿದರು. ಎರಡೂ ತುಂಡು ಸೇರಿದ ಮೇಲೆಯೇ ರಸೀದಿ. ಆಮೇಲೆ ಮುಂಬಯಿಗೆ ವರದಿ. ಹೊಸ ಪಟ್ಟಿ ಅಚ್ಚಾಗುವುದು ಜುಲೈಯಲ್ಲಿ. ಅದುವರೆಗೆ ಸಾಕ್ಷಾತ್ ಪ್ರಧಾನ ವ್ಯವಸ್ಥಾಪಕರು ಬಂದರೂ ಹನ್ನೆರಡನೆಯ ಪುಟವನ್ನು ಯಾರೂ ಅಳಿಸಲಾರರು. ಅಂದು ಕೊಟ್ಟರೂ ಇಮೆಲ್ಡಾಳಿಗೆ ಪ್ರಯೋಜನವಿಲ್ಲವೆಂದು ಖಚಿತವಾದಾಗ, ಬುದ್ಧಿಯುಳ್ಳ ಮನುಷ್ಯನು ಕಿಸೆಯಲ್ಲಿದ್ದ ತುಂಡನ್ನು ಮೇಜಿನ ಮೇಲೆ ಹಾಕಿ ಬರುತ್ತಿದ್ದನು. ನಾನು, ಮೊದಲರ್ಧದ ರಸೀದಿ ಇಲ್ಲದೆ ಎರಡನೆಯದನ್ನು ಕೊಡಲು ತಂದೆಯ ಅಪ್ಪಣೆಯಿಲ್ಲವೆಂದು ಹೇಳಿ, ಪತಿಯನ್ನು ಹಾಗೆಯೇ ಕಿಸೆಯಲ್ಲಿಟ್ಟುಕೊಂಡು ಕಾಪುವಿನ ಬಸ್ಸು ಹತ್ತಿದೆ. ಕಿಟಕಿಯ ಬದಿಯ ಜಾಗ ಸಿಕ್ಕಿತ್ತು. ದಾರಿಯಲ್ಲಿ ಏನು ಕಂಡೆನೆಂದು ಕೇಳಿದರೆ ಹೇಳಲಾರೆ.

ಮನೆಯ ಮೆಟ್ಟಿಲಿನ ಮೇಲೆ ಇಮೆಲ್ಡಾ ಕುಳಿತಿದ್ದಳು. ಅವಳೆದುರು, ಹೆಂಡತಿಯೆದುರು, ಪಟ್ಟಿಯ ವಿಷಯವನ್ನೂ, ಅರ್ಧ ಕಾರ್ಡಿನ ವಿಷಯವನ್ನೂ, ಅದು ಆಗಲೂ ನನ್ನ ಕಿಸೆಯಲ್ಲಿಯೇ ಇರುವ ವಿಷಯವನ್ನೂ ಹೇಳಬೇಕಾಯಿತು. ತರಗತಿಯ ಮುಂದೆ ನಿಲ್ಲಿಸಿ ಹುಡುಗರಿಂದ ತಪ್ಪನ್ನು ಹೇಳಿಸುವ ಶಿಕ್ಷೆ ಎಷ್ಟು ಉದ್ದವಾಗಿರುತ್ತದೆಂದು ಅಂದು ತಿಳಿಯಿತು. ಇಮೆಲ್ಡಾ ಬಯ್ಯಲಿಲ್ಲ. "ಅಡ್ಡಿಲ್ಲ ಸರ್, ನಿಮ್ಮ ಹೆಸರೇ ಹೀಗೆ ಆದ ಮೇಲೆ ನಮ್ಮದೆಂತ" ಎಂದು ಸೆರಗಿನಿಂದ ಮುಖ ಒರಸಿಕೊಂಡು ಎದ್ದಳು. ಅವಳು ಬಯ್ದಿದ್ದರೆ ನನಗೆ ಆ ರಾತ್ರಿ ಊಟ ಸೇರುತ್ತಿತ್ತು.

"ಕೂತ್ಕೋ ಇಮೆಲ್ಡಾ," ಎಂದು ಸುಭಾಷಿಣಿ ಒಳಗೆ ಹೋಗಿ ಅಕ್ಕಿಯ ಡಬ್ಬಿಯಿಂದ ತಮ್ಮದೇ ಕಾಪು ಶಾಖೆಯ ಒಂದು ಪಾಸ್‌ಬುಕ್ಕನ್ನು ತಂದಳು. ನಮ್ಮ ಹಿತ್ತಿಲಲ್ಲಿ ನಲವತ್ತು ಮಲ್ಲಿಗೆ ಗಿಡಗಳಿವೆ. ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನವನಿಗೆ ಕೊಡುವುದು ಅವಳ ಕೆಲಸ. ಅದನ್ನು ನಾನು ಹೆಂಗಸರ ಕಾಲಕ್ಷೇಪವೆಂದು ತಿಳಿದಿದ್ದೆ. ಪಾಸ್‌ಬುಕ್ಕಿನಲ್ಲಿ ಒಂಬತ್ತು ವರ್ಷದಿಂದ ಒಂದು ವಾರವೂ ತಪ್ಪದೆ ಹಣ ಜಮೆಯಾಗಿತ್ತು. ಮೊತ್ತವು ನನ್ನ ನಿವೃತ್ತಿಯ ಹಣದ ಸಮೀಪಕ್ಕೆ ಬಂದಿತ್ತು. ನನಗೇಕೆ ಹೇಳಲಿಲ್ಲವೆಂದು ಕೇಳಿದೆ. "ನೀವು ಕೇಳ್ಲಿಲ್ಲ. ಹೇಳಿದ್ರೆ ಅದಕ್ಕೂ ಒಂದು ರಸೀದಿ ಕೇಳ್ತಿದ್ರಿ" ಎಂದಳು.

ಮರುದಿನ ತಾರಾನಾಥನ ಮೇಜಿನೆದುರು ಅವಳು, ಆ ಇನ್ನೂರ ಅರವತ್ತೈದು ರೂಪಾಯಿಯ ಸೀರೆಯನ್ನು ಉಟ್ಟು, ಜಾಮೀನಿನ ಕಾಗದಕ್ಕೆ ಸಹಿ ಮಾಡಿದಳು. ನನ್ನ ಸಹಿಯ ಕಾಲು ಭಾಗವೂ ಇಲ್ಲದ ಪುಟ್ಟ ಸಹಿ. ತಾರಾನಾಥನು ಪಟ್ಟಿಯನ್ನು ತೆರೆದು, ಬೆರಳಿಟ್ಟು ಕೊನೆಯವರೆಗೆ ನೋಡಿ, "ನಿಮ್ಮ ಹೆಸರು ಎಲ್ಲಿಯೂ ಇಲ್ಲ ಅಮ್ಮ" ಎಂದ. ಹೆಸರು ಎಲ್ಲಿಯೂ ಇಲ್ಲದಿರುವುದು ಒಂದು ಯೋಗ್ಯತೆಯೆಂದು ನಾನು ಮೊದಲ ಬಾರಿಗೆ ಅರಿತೆ. ಮೇ ನಾಲ್ಕರಂದು ಎರಡು ಯಂತ್ರಗಳು ಉಡುಪಿಯಿಂದ ಟೆಂಪೋದಲ್ಲಿ ಬಂದು ಇಮೆಲ್ಡಾಳ ಜಗಲಿಯನ್ನು ಸೇರಿದವು. ಇಂದಿಗೆ ತೊಂಬತ್ತಾರು ಜೊತೆ ಸಮವಸ್ತ್ರಗಳು ಮುಗಿದಿವೆ. ನಾನು ಹೇಗೆ ಬಲ್ಲೆನೆಂದರೆ, ಗುಂಡಿ ಹೊಲಿಯುವ ಕೆಲಸವನ್ನು ಈಗ ಸಂಜೆಯ ಹೊತ್ತು ನನಗೆ ವಹಿಸಲಾಗಿದೆ. ಮೊದಲ ದಿನ ನಾನು ಹೊಲಿದ ಹನ್ನೊಂದು ಗುಂಡಿಗಳನ್ನು ಇಮೆಲ್ಡಾ ಮರ್ಯಾದೆಯಿಂದ ಬಿಚ್ಚಿ ಮತ್ತೆ ಹೊಲಿದಳು.

ಸುಭಾಷಿಣಿ ಸಹಿ ಮಾಡಿದ ದಿನವೇ ಮಧ್ಯಾಹ್ನ ನಾನು ಪುನಃ ಮಣಿಪಾಲಕ್ಕೆ ಹೋಗಿ, ಉಳಿದರ್ಧವನ್ನು ಲೂಯಿಸರ ಮೇಜಿನ ಮೇಲಿಟ್ಟು, ಬಾಕಿಯ ಹಣವನ್ನೂ ಎಣಿಸಿಟ್ಟು, ರಸೀದಿ ಬೇಡವೆಂದೆ. ತಂದೆಯವರು ಕ್ಷಮಿಸಲಿ. ಲೂಯಿಸರು ಎರಡು ತುಂಡನ್ನೂ ಒಂದು ಕಾಗದದ ಮೇಲೆ ಅಂಟಿಸಿ, ಗೆರೆಗೆ ಗೆರೆ ಕೂಡಿದ್ದನ್ನು ಕಂಡು, "ಅಳತೆಪಟ್ಟಿ ಇಟ್ಟು ಕತ್ತರಿಸಿದ್ದು ಅಲ್ವಾ ಸರ್?" ಎಂದು ಮೆಚ್ಚಿಕೊಂಡು, ಬೇಡವೆಂದರೂ ರಸೀದಿ ಬರೆದು ಕೊಟ್ಟರು. ಅದರ ಮೂಲೆಯಲ್ಲಿ ಪೆನ್ಸಿಲಿನಿಂದ ಹತ್ತಕ್ಕೆ ಒಂಬತ್ತು ಎಂದಿತ್ತು. ಒಂದು ಅಂಕ ಎಲ್ಲಿ ಹೋಯಿತೆಂದು ಕೇಳದೆ ಇರಲು ನನ್ನಿಂದಾಗಲಿಲ್ಲ. "ತಡ ಆಯ್ತಲ್ಲ ಸರ್" ಎಂದರು.

ಆದುದರಿಂದ, ಮಹೋದಯರೇ, ನನ್ನ ಪ್ರಾರ್ಥನೆ ಇಷ್ಟು. ಕಾರ್ಡು ಈಗ ಪೂರ್ತಿ ತಮ್ಮ ವಶದಲ್ಲಿದೆ; ಹಣ ಸಂದಿದೆ. ಹೀಗಿದ್ದೂ ಈ ತಿಂಗಳ ಒಂಬತ್ತರಂದು ತಮ್ಮ ಬಿಲ್ಲು ಎಂದಿನಂತೆ ಬಂದಿರುವುದು, ಹದಿಮೂರು ತಿಂಗಳ ಸ್ನೇಹವನ್ನು ಒಮ್ಮೆಲೇ ಕಡಿದುಕೊಳ್ಳಲಾರದ ತಮ್ಮ ಮೃದುಹೃದಯದ ಲಕ್ಷಣವೆಂದು ತಿಳಿದಿದ್ದೇನೆ. ಅದನ್ನು ಗಟ್ಟಿಮಾಡಿಕೊಳ್ಳಿರಿ. ಜುಲೈಯ ಪಟ್ಟಿಯಿಂದ ನನ್ನ ಹೆಸರನ್ನು ತೆಗೆಯುವುದು ಸಾಧ್ಯವಾದರೆ ಕೃತಜ್ಞನು. ಸಾಧ್ಯವಿಲ್ಲದಿದ್ದರೆ, ಹನ್ನೆರಡನೆಯ ಪುಟದಲ್ಲಿ ಅದೇ ಗಾತ್ರದ ಅಕ್ಷರಗಳಲ್ಲಿ, ಈತನು ಬಾಕಿದಾರನಲ್ಲ, ಹಟಮಾರಿ ಮಾತ್ರ ಎಂದು ಅಚ್ಚು ಮಾಡಿಸಬೇಕು. ಇಪ್ಪತ್ತೇಳನೆಯ ಜಾಮೀನು ಕೇಳಿಕೊಂಡು ಯಾರಾದರೂ ನಮ್ಮ ಮೆಟ್ಟಿಲು ಹತ್ತುವ ಮೊದಲು ಇದಾಗಬೇಕೆಂಬುದೊಂದೇ ನನ್ನ ಅವಸರ. ಮೊನ್ನೆ ಒಬ್ಬರು ಬಂದಿದ್ದರು. ನಾನು ಪೆನ್ನಿನ ಮುಚ್ಚಳ ತೆಗೆದೆ. ಅವರು ಸುಭಾಷಿಣಿಯಮ್ಮ ಇದ್ದಾರೆಯೇ ಎಂದು ಕೇಳಿದರು.

ಇದಾವುದೂ ತಮ್ಮ ಅಧಿಕಾರಕ್ಕೆ ಒಳಪಟ್ಟಿಲ್ಲವೆಂದಾದರೆ, ಒಮ್ಮೆ ರಜೆ ಹಾಕಿ ಕಾಪುವಿಗೆ ದಯಮಾಡಿಸಬೇಕು. ಭೋಜನ ಜವಳಿ ಅಂಗಡಿಯ ಮೊಳೆ, ಲೂಯಿಸರ ಸೆಳೆಖಾನೆ, ಇಮೆಲ್ಡಾಳ ಜಗಲಿ, ಮೂರನ್ನೂ ಒಂದೇ ದಿನದಲ್ಲಿ ತೋರಿಸಬಲ್ಲೆ. ತಂಪಾದ ಕೋಣೆ ನಮ್ಮಲ್ಲಿಲ್ಲ. ಮಲ್ಲಿಗೆಯ ಮೊಗ್ಗನ್ನು ರಾತ್ರಿ ಇಡುವ ಒದ್ದೆ ಗೋಣಿಯ ಪಕ್ಕದಲ್ಲಿ ಜಾಗ ಮಾಡಿಕೊಡಲಾಗುವುದು. ಪಾದರಕ್ಷೆಯನ್ನು ಮಾತ್ರ ಹೊರಗೇ ಕಳಚಬೇಕು.

ಮುಚ್ಚಿದರೂ ಮುಚ್ಚಿಹೋಗದ
ತಮ್ಮ ವಿಶ್ವಾಸಿ,
ರಘುಪತಿ ಉಪಾಧ್ಯ
(ಪುಟ ಹನ್ನೆರಡು, 'ಆರ್' ಅಕ್ಷರದ ಕೆಳಗೆ)

ಮರೆತ ಮಾತು: ಈ ಪತ್ರವನ್ನು ಲಕೋಟೆಗೆ ಹಾಕುತ್ತಿರುವಾಗಲೇ ಶೀನನು ತಮ್ಮ ಹೊಸ ಓಲೆಯೊಂದನ್ನು ತಂದಿದ್ದಾನೆ. ಒಂಬತ್ತು ವರ್ಷದ ನಿಷ್ಕಳಂಕ ಉಳಿತಾಯವನ್ನು ಮೆಚ್ಚಿ, ಕೇಳದೆಯೇ, ಶ್ರೀಮತಿ ಸುಭಾಷಿಣಿಯವರ ಹೆಸರಿಗೆ ತಾವು ಒಂದು ಕಾರ್ಡನ್ನು ಕಳಿಸಿದ್ದೀರಿ. ರುಬ್ಬುವ ಕಲ್ಲಿನ ಅಂಚಿಗೆ ಅಂಟಿದ ಹಿಟ್ಟನ್ನು ಕೆರೆದು ತೆಗೆಯಲು ಇಷ್ಟು ಒಳ್ಳೆಯ ಸಾಧನ ಇದುವರೆಗೆ ಸಿಕ್ಕಿರಲಿಲ್ಲವೆಂದು ಅವಳು ತಮಗೆ ತಿಳಿಸಲು ಹೇಳಿದ್ದಾಳೆ. ಇಮೆಲ್ಡಾಳಿಗೂ ಒಂದು ಬೇಕಂತೆ. ಕತ್ತರಿ ಮತ್ತು ಅಳತೆಪಟ್ಟಿಯನ್ನು ನನ್ನ ಕೈಗೆ ಸಿಗದ ಕಡೆ ಎತ್ತಿಡಲಾಗಿದೆ.